ಕಾಲು ಬಿಟ್ಟು ಸುತ್ತು

ಅಜ್ಜಂಪುರ
ಭಾನುವಾರ ಬೆಳಿಗ್ಗೆ

ಮಗಳೇ ಸೌಮ್ಯ,

ನಿನಗೂ ಕೂಸಿಗೂ ಅಪ್ಪನ ಹಾರೈಕೆ. ನಿನ್ನ ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿಯೇ ಕೊಡುತ್ತಾರೆ, ಅದಕ್ಕೇ ಈ ಕಾಗದ. ನಿಮ್ಮ ಶಿವನಿ ಊರಿಗೆ ಹೊರಟಿರುವ ಪಕ್ಕದ ಮನೆಯ ಕಾಂತರಾಜ್ ನಿನ್ನ ಕೈಗೇ ಕೊಡುತ್ತಾನೆ.

ಹೆರಿಗೆ ಆಸ್ಪತ್ರೆಯ ಹಾಳೆಯಲ್ಲಿ ಮಗುವನ್ನು ‘ಎನ್‌ಸ್ವೇದ್’ ಮಾಡಿ ಅಂತಿದೆ, ಹಂಗಂದ್ರೆ ಏನಪ್ಪಾ ಎಂದು ನೀನು ಕೇಳಿದ್ದೆ. ಕಡೂರಿನ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಧ ಸೋರಿಹೋಗಿದೆ. ಇದೊಂದು ಉಳಿದಿದೆ. ಪದ್ಯದಲ್ಲಿ ಬರುತ್ತಿತ್ತು, ಮಾತಿನಲ್ಲಿ ಯಾರೂ ಆಡುವುದಿಲ್ಲ. ಕೆಮ್ಮಣ್ಣುಗುಂಡಿಗೆ ಕರೆದೊಯ್ದಾಗ ಮೇಷ್ಟ್ರು, ಮಂಜು ಗುಡ್ಡವನ್ನು ಎನ್‌ಸ್ವೇದ್ ಮಾಡಿದೆ ನೋಡಿ ಅಂದಿದ್ದರು. ಸುತ್ತಲೂ ಹೊದಿಸುವುದು ಅಂತ. ಗಾಯಕ್ಕೆ ಪಟ್ಟಿ ಸುತ್ತುವುದಕ್ಕೂ ಅನ್ನುತ್ತಾರೇನೋ, ಖಾತ್ರಿಯಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ‘ವಿಷಯಕ್ಕೆ ಬನ್ರೀ’ ಅನ್ನುತ್ತಿದ್ದಳು. ಅವಳಿದ್ದಿದ್ದರೆ ನಿನ್ನ ಬಾಣಂತನವೂ ಇಲ್ಲೇ ಆಗುತ್ತಿತ್ತು.

ವಿಷಯ ಇದು. ಮೊನ್ನೆ ನಾನು ಬಂದ ದಿನ, ನೀನು ಒಳಗೆ ಮಲಗಿದ್ದಾಗ ನಿನ್ನ ಅತ್ತೆ ವಿಶಾಲಾಕ್ಷಮ್ಮನವರು ಕೂಸಿಗೆ ನೀರು ಹಾಕಿ, ಎರಡೂ ಕಾಲು ನೆಟ್ಟಗೆ ಎಳೆದು, ಹಳೇ ಸೀರೆಯಲ್ಲಿ ಬಿಗಿದರು. ಇಷ್ಟು ಬಿಗಿ ಬೇಕಾ ಎಂದೆ. ‘ಆಸ್ಪತ್ರೆಯೋರೇ ಸುತ್ತಿ ಅಂತ ಬರ್ದವ್ರೆ. ಸೊಟ್ಟಗಾಲಾದ್ರೆ ನಾಳೆ ಯಾರು ಮದ್ವೆ ಮಾಡ್ಕಂಡಾರು? ಗಂಡಸ್ರಿಗೆ ಇದೆಲ್ಲ ಏನ್ ಗೊತ್ತಾಯ್ತದೆ ಬೀಗರೇ’ ಅಂದರು. ಬಿಗಿಯುವ ಮುಂಚೆ ಕಂಡದ್ದು ನನ್ನ ಕಣ್ಣು ಬಿಟ್ಟು ಹೋಗುತ್ತಿಲ್ಲ. ಕೂಸು ಕಾಲು ಮಡಚಿದಾಗ ಬಲಮಂಡಿ ಕಪ್ಪೆಯ ಹಾಗೆ ಅಗಲವಾಯಿತು, ಎಡದ್ದು ಅರ್ಧಕ್ಕೇ ನಿಂತಿತು.

ತರೀಕೆರೆಯ ಮಕ್ಕಳ ಡಾಕ್ಟರಿಗೆ ಹೇಳಿದೆ. ಸೊಂಟದ ಕೀಲು ಜಾರಿರಬಹುದು, ಕಾಲು ನೆಟ್ಟಗೆ ಕಟ್ಟಿದರೆ ಇನ್ನೂ ಕೆಡುತ್ತದೆ ಎಂದರು. ಈಗಲೇ ತೋರಿಸಿದರೆ ಕಾಲು ಅಗಲಿಸಿ ಹಿಡಿಯುವ ಬೆಲ್ಟಿನಲ್ಲಿ ಸರಿಹೋಗಬಹುದು. ನಡೆಯುವ ವಯಸ್ಸಿನಲ್ಲಿ ಗೊತ್ತಾದರೆ ಆಪರೇಷನ್ನೇ.

ಬಾಣಂತಿ ಹೊಸಿಲು ದಾಟಬಾರದು ಎಂದು ನಿನ್ನ ಅತ್ತೆ ಅನ್ನುತ್ತಾರೆ. ನಿನ್ನ ಗಂಡ ಓಂಕಾರೇಶ್ ಅಮ್ಮನ ಮಾತು ಮೀರುವವನಲ್ಲ. ನೀನೂ ಸುಮ್ಮನಿದ್ದರೆ ಕೂಸಿನ ಕಡೆ ಯಾರು? ನಾಳೆ ಬೆಳಿಗ್ಗೆ ಆಟೋ ತರುತ್ತೇನೆ. ಜಗಳವಾದರೆ ಆಗಲಿ. ಅಲ್ಲಿಯವರೆಗೆ ಎದೆಗಷ್ಟೇ ಬಟ್ಟೆ ಸುತ್ತು, ಕಾಲು ಬಿಡು.

ನಿನ್ನ ಅಪ್ಪ,
ಷಣ್ಮುಖಪ್ಪ

ತಾ.ಕ.: ಕಾಗದ ಮಡಚುತ್ತಿದ್ದಾಗ ನಿನ್ನ ಅತ್ತೆಯದೇ ಫೋನು, ಕೊಟ್ಟಿಗೆಯಿಂದ, ಪಿಸುದನಿಯಲ್ಲಿ. ಎಡಗಾಲು ಚೂರು ಗಿಡ್ಡ ಎಂದು ಅವರು ಮೊದಲ ವಾರದಲ್ಲೇ ಕಂಡಿದ್ದರಂತೆ. ಎಳೆದು ಕಟ್ಟಿದರೆ ಸಮವಾದೀತು ಎಂದು ದಿನಾ ಬಿಗಿದರಂತೆ. ‘ಆಗ್ತಿಲ್ಲ ಬೀಗರೇ. ನೀವೇ ಹಟ ಮಾಡಿ ಕರ್ಕಂಡೋಗಿ. ನಾನೇ ಕಳಿಸ್ದೆ ಅಂದ್ರೆ ಹೆಣ್ಣುಕೂಸಿಗೆ ಐಬು ಅಂತ ಕೇರಿಯೆಲ್ಲ ಆಡ್ತದೆ. ನಾನು ಬೈತೀನಿ, ನೀವು ನಿಲ್ಬೇಡಿ’ ಅಂದರು. ನಾಳೆ ಅವರು ಬಾಗಿಲಲ್ಲಿ ನಿಂತು ಬೈಯುವಾಗ ತಿರುಗಿ ಮಾತಾಡಬೇಡ. ಕೂಸನ್ನೆತ್ತಿಕೊಂಡು ಆಟೋ ಹತ್ತು.