ಹೆಗಲಿಗೆ ಒಗ್ಗದ ಬಂದೂಕು

ಉಸ್ತಾದ್ ಶಂಕರೆಪ್ಪ ಸರ್ ಅವರಿಗೆ ನಮಸ್ಕಾರ್ರಿ,

ಪೊಲೀಸ್ ತರಬೇತಿಯೊಳಗ ನಾ ಫೈರಿಂಗಿನ್ಯಾಗ ಮೂರನೇ ಸಲ ಫೇಲ್ ಆಗೇನ್ರಿ. ನೀವು ಕೊಟ್ಟ ಎಸ್‌ಎಲ್‌ಆರ್ ರೈಫಲ್ಲಿನ ಹೆಗಲಿಗೆ ಆನಿಸೋ ಕಟ್ಟಿಗಿ ಬಟ್ ನನಗ ಭಾಳ ಉದ್ದ ಆಗತೈತಿ. ಟ್ರಿಗರಿಗೆ ಬೆರಳಿನ ತುದಿ ಅಷ್ಟ ಮುಟ್ಟತೈತಿ, ಭಾರಕ್ಕ ನಳಗಿ ಕೆಳಗ ಬಾಗತೈತಿ. ಗೆಳತಿ ಮಾಲಾನ ರೈಫಲ್ಲಿಗೆ ಗಿಡ್ಡ ಬಟ್ ಐತಿ, ತೂಕಾನೂ ಹಗುರ. ಅದನ್ನ ನಾ ಹಿಡಿದಾಗ ಹತ್ತರಾಗ ಎಂಟು ಗುಂಡು ಗುರಿಗೆ ಬಡದಿದ್ದನ್ನ ನೀವ ನೋಡೀರಿ. ಆದ್ರೂ ಎಲ್ಲಾರ ಮುಂದ, "ಬಂದೂಕು ಸರಿ ಐತಿ, ನಿನ್ನ ಕೈನ ಗಿಡ್ಡ" ಅಂದ್ರಿ.

ಸೋಮವಾರ ಕೊನೇ ಪರೀಕ್ಷಾ ಐತಿ. ಮಾಲಾನ ಕಡೆ ಇರೋ ಅಂಥಾದ್ದ ಒಂದು ರೈಫಲ್ ನನಗೂ ಕೊಡಸ್ರಿ.

ಮೊದಲ ಸಲ ಕುರಿ ಕಾಯಾಕ ಹೊಂಟಾಗ ನಮ್ಮಪ್ಪ ನನ್ನ ಎದಿಮಟ್ಟ ಅಳತಿ ಹಿಡಿದು ಕೋಲು ಕಡದಿದ್ದ. ಕೋಲಿಗೆ ತಕ್ಕಂಗ ಮಗಳನ್ನ ಕಡೀಲಿಲ್ರಿ.

ಇಂತಿ,
ನಂದಾ ಹಾಲಸಿದ್ದಪ್ಪ ಪೂಜಾರಿ
ಬಾಡಗಂಡಿ