ದೋಣಿಯ ಹಲಗೆಯಿಂದ ಬಂದ ಹೆಸರು

ಮನೆಯಿಂದ,
ಮಾರ್ಚ್ ಹದಿನಾಲ್ಕು, ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರಬೇಡವೆಂದು ನಿನ್ನಮ್ಮ ಹೇಳುತ್ತಿದ್ದಾಳೆ. ಬಾಡಿಗೆಗೆ ಹಿಡಿದ ಅಂಗಡಿಗೆ ಗಟ್ಟಿ ಬೀಗ ಇದೆಯೋ ಇಲ್ಲವೋ ನೀನು ಬರೆದಿಲ್ಲ. ಆ ಯೋಚನೆಯಲ್ಲಿ ನನಗೆ ಊಟ ಸೇರುತ್ತಿಲ್ಲ. ನಾವು ಚೆನ್ನಾಗಿದ್ದೇವೆ. ನಾನು ದಿನವೂ ಕುಂಚ ಹಿಡಿಯುತ್ತಿದ್ದೇನೆ, ಗಾಬರಿಯಾಗಬೇಡ.

ಹೋದ ಪತ್ರದಲ್ಲಿ ನೀನು, ಅಂಗಡಿ ಬೋರ್ಡಿನ ಮೇಲೆ "ಇಳಾ ಟೈಲರ್ಸ್" ಬೇಡ, "ನ್ಯೂ ಸ್ಟೈಲ್" ಎಂದು ಬರೆದುಕೊಡಿ, ನನ್ನ ಹೆಸರಿಗೆ ಅರ್ಥವೇನೆಂದು ಗಿರಾಕಿಗಳು ಕೇಳಿದರೆ ನನಗೇ ಗೊತ್ತಿಲ್ಲ ಎಂದಿದ್ದೆಯಲ್ಲ, ಅಂದಿನಿಂದ ಮನಸ್ಸಿಗೆ ಏನೋ ಚುಚ್ಚಿದ ಹಾಗಿದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಗಿರಾಕಿ ಚೀಟಿಯಲ್ಲಿ ಕೊಟ್ಟ ಅಕ್ಷರವನ್ನು ಬೋರ್ಡಿನ ಮೇಲೆ ಚಿತ್ರ ಬಿಡಿಸಿದ ಹಾಗೆ ದೊಡ್ಡದು ಮಾಡುವುದಷ್ಟೇ ನನ್ನ ಕೆಲಸ. ನೀನು ಹುಟ್ಟಿದ ದಿನ, ಒಬ್ಬ ದೋಣಿಯವನಿಗಾಗಿ ನಾನು "ಇಳಾ" ಎಂದು ಬರೆದ ಹಲಗೆ ನಮ್ಮ ಕೋಣೆಯ ಗೋಡೆಗೆ ಒರಗಿ ಒಣಗುತ್ತಿತ್ತು. ನೋವು ತಿನ್ನುತ್ತಾ ನಿನ್ನಮ್ಮ ಅದನ್ನೇ ನೋಡುತ್ತಿದ್ದಳಂತೆ. ನಿನ್ನನ್ನು ಮಡಿಲಿಗೆ ಹಾಕಿದ ಕೂಡಲೇ, "ರೀ, ಆ ಹಲಗೆ ಮೇಲಿರೋದೇ ಇವಳ ಹೆಸರು, ಬೇರೆ ಹುಡುಕ್ಬೇಡಿ" ಎಂದಳು. ಹಲಗೆ ದೋಣಿಗೆ ಹೋಯಿತು, ಹೆಸರು ನಮ್ಮಲ್ಲೇ ಉಳಿಯಿತು.

ನಿನ್ನೆ ದೋಣಿಕಟ್ಟೆಗೆ ಹೋಗಿದ್ದೆ. ಆ ದೋಣಿಯವನು ಈಗ ಹಣ್ಣು ಹಣ್ಣು ಮುದುಕ, ಹರಿದ ಬಲೆಗೆ ಗಂಟು ಹಾಕುತ್ತ ಕೂತಿದ್ದ. "ಇಳಾ ಅಂದ್ರೆ ಭೂಮಿ ಕಣಯ್ಯಾ. ಮಗಳು ಅಂಗಡಿ ಇಡೋ ಹೊತ್ತಿಗೆ ಕೇಳೋಕೆ ಬಂದ್ಯಾ!" ಎಂದು ನಕ್ಕ. ನೀರಿನ ಮೇಲಿರುವ ದೋಣಿಗೆ ನೆಲದ ಹೆಸರೇಕೆ ಎಂದೆ. "ಗಾಳಿ ಎದ್ದು ದಡ ಕಾಣ್ದೇ ಹೋದಾಗ, ಕಾಲ ಕೆಳಗೆ ನೆಲ ಇದೆ ಅಂದ್ಕೊಂಡ್ರೆ ಒಂದು ಧೈರ್ಯ. ನನ್ನ ದೋಣಿ ಇಳಾ ಒಂದು ದಿನಾನೂ ನನ್ನ ನಡುನೀರಲ್ಲಿ ಕೈಬಿಡ್ಲಿಲ್ಲ" ಎಂದ. ಕೇಳಿ ಖುಷಿಯಾಯಿತು, ಆದರೆ ದಾರಿಯುದ್ದಕ್ಕೂ ಇನ್ನೊಂದು ಚಿಂತೆ: ಭೂಮಿ ಎಂದರೆ ಎಲ್ಲರೂ ತುಳಿಯುತ್ತಾರಲ್ಲ? ಮನೆಗೆ ಬಂದು ಇದನ್ನೇ ಹೇಳಿದೆ. "ತುಳಿಯೋರ್ಗೂ ನಿಲ್ಲೋಕೆ ಅದೇ ಬೇಕಲ್ವಾ, ಸುಮ್ನೆ ಊಟ ಮಾಡಿ" ಎಂದು ನಿನ್ನಮ್ಮ ಗದರಿದಳು.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕತ್ತರಿ ಹಾಕಿದ ಬಟ್ಟೆಯೆಲ್ಲ ತೊಟ್ಟವರಿಗೆ ಒಪ್ಪಲಿ, ನೂರು ಕಾಲ ಬಾಳು.

ನಿನ್ನ
ಅಪ್ಪ

ಮರೆತಿದ್ದೆ: ಬೋರ್ಡನ್ನು ಲಾರಿಗೆ ಹಾಕಿದ್ದೇನೆ. ಒಂದು ಕಡೆ ನೀನು ಹೇಳಿದ ಹಾಗೆಯೇ "ನ್ಯೂ ಸ್ಟೈಲ್" ಇದೆ. ಇನ್ನೊಂದು ಕಡೆ ನಿನ್ನ ಹೆಸರು ಬರೆದಿದ್ದೇನೆ, ಬಣ್ಣ ಎರಡಕ್ಕೂ ಒಂದೇ. ಯಾವುದು ಬೀದಿಗೆ ಕಾಣಬೇಕೋ ನೀನೇ ನೋಡು, ನನಗೆ ಬೇಜಾರಿಲ್ಲ. ಬೋರ್ಡು ಕಟ್ಟುವ ಸರಪಳಿ ಮಾತ್ರ ಗಟ್ಟಿಯಿರಲಿ.