ಕತ್ತಿನೊಳಗಿನ ಕಡಲೆಕಾಳು

ಮಾರ್ಚ್ 4

ಮತ್ತೆ ರೋಗಿಗಳ ಮೈಮೇಲಿನ ಸ್ಕ್ಯಾನಿಂಗ್ ಜೆಲ್ ಒರೆಸುವುದು, ಮಂಚದ ಪೇಪರ್ ಬದಲಿಸುವುದು, "ಮುಂದಿನವರು ಬನ್ನಿ" ಎಂದು ಕೂಗುವುದು. ಒಂದೇ ಕಡೆ ಕೂರಲಾರೆ ಎಂದು ಶಾಲೆ ಬಿಟ್ಟವಳು ನಾನು. ಇಲ್ಲಿ ಕೂರಲು ಕುರ್ಚಿಯೇ ಇಲ್ಲ.

ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಹೊಸ ಮೆಷಿನ್ ಬಂತು. ಕೈ ಪಳಗಿಸಲು ಡಾಕ್ಟರ್ ಮೇಡಂಗೆ ನಮ್ಮ ಕತ್ತುಗಳೇ ಸಿಕ್ಕವು. ನನ್ನ ಥೈರಾಯ್ಡಿನಲ್ಲಿ ಕಡಲೆಕಾಳಿನಷ್ಟು ಗಂಟು. ರಿಸೆಪ್ಷನ್ ಅಕ್ಕನಿಗೂ ಇತ್ತು. ಕೊನೆಗೆ ಮೇಡಂ ತಮ್ಮದನ್ನೇ ನೋಡಿಕೊಂಡರು — ಅಲ್ಲೂ!

"ಗಾಬರಿ ಬೇಡ ಕಣೇ. ಚೆನ್ನಾಗಿರೋರನ್ನ ಸಾಲಾಗಿ ಮಲಗಿಸಿ ನೋಡಿದ್ರೂ ಹತ್ತಿರ ಹತ್ತಿರ ಅರ್ಧ ಜನಕ್ಕೆ ಸಿಗುತ್ತೆ. ವಯಸ್ಸಾದಷ್ಟೂ ಜಾಸ್ತಿ. ಬಹುಪಾಲು ಏನೂ ಮಾಡಲ್ಲ. ನಿಂದಕ್ಕೆ ಸೂಜಿ ಚುಚ್ಚಿ ಪರೀಕ್ಷೆ ಮಾಡೋದೂ ಬೇಡ," ಅಂದರು ಮೇಡಂ.

ಮಾರ್ಚ್ 5

ಅಮ್ಮ: "ನಿಂಗೆ ಗೊತ್ತು ಮಾಡಿರೋ ಬೇಕರಿ ಹುಡುಗನ ಹತ್ರ ಇದನ್ನ ಊದ್ಬೇಡ. ಮದುವೆ ಆಗೋವರೆಗೂ ಬಾಯಿಗೆ ಬೀಗ ಹಾಕ್ಕೋ."

ಅವನಿಗೆ ಹೇಳಿಬಿಟ್ಟೆ. ಇಷ್ಟಪಟ್ಟು ಒಪ್ಪಿದವನು. ಮುಚ್ಚಿಟ್ಟು ಶುರು ಮಾಡಲು ಮನಸ್ಸಾಗಲಿಲ್ಲ.

ನಕ್ಕ. "ನಮ್ಮ ಬನ್ನಲ್ಲಿ ದ್ರಾಕ್ಷಿ ಇರಲ್ವಾ, ಹಾಗೆ ಬಿಡು."

ಮಾರ್ಚ್ 9

ಅವನ ತಾಯಿ ಮನೆಗೆ ಬಂದರು. ಕೂರಲಿಲ್ಲ.

"ಹುಳುಕು ಅಂತ ಗೊತ್ತಿದ್ದೂ ಯಾರಾದ್ರೂ ಬುಟ್ಟಿಗೆ ಹಾಕ್ಕೋತಾರಾ? ನಿಮ್ಮ ಹುಡುಗಿ ಬಾಯಿ ಬಿಟ್ಟಿದ್ದೇ ಪುಣ್ಯ."

"ಡಾಕ್ಟರಿಗೂ ಇದೆ ಅತ್ತೆ—"

"ಯಾರೇ ನಿಂಗೆ ಅತ್ತೆ?"

ಅವನು ಬಾಗಿಲಲ್ಲಿ ಚಪ್ಪಲಿ ನೋಡುತ್ತ ನಿಂತಿದ್ದ. ಮದುವೆ ಮುರಿಯಿತು. ದ್ರಾಕ್ಷಿಯೂ ಇಲ್ಲ, ಬನ್ನೂ ಇಲ್ಲ. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 22

ಬರೆಯುವುದೇ ಬೇಡ ಅಂದುಕೊಂಡಿದ್ದೆ.

ಇವತ್ತು ಒಳಗೆ ಬಂದದ್ದು ಅವನ ತಾಯಿ. ತಲೆಸುತ್ತಂತೆ, ಕತ್ತಿನ ರಕ್ತನಾಳ ನೋಡಬೇಕು. ನನ್ನನ್ನು ಕಂಡು ಮುಖ ತಿರುಗಿಸಿದರು. ರಕ್ತನಾಳ ಚೆನ್ನಾಗಿತ್ತು.

"ಪಕ್ಕದಲ್ಲಿ ಥೈರಾಯ್ಡ್ ಗಂಟೊಂದಿದೆ ಅಮ್ಮ. ತುಂಬಾ ಜನಕ್ಕಿರುತ್ತೆ, ಹೆದರ್ಬೇಡಿ," ಎಂದು ಮೇಡಂ ಆಚೆ ಹೋದರು.

ಜೆಲ್ ಒರೆಸುತ್ತಿದ್ದೆ. ಕೈ ಹಿಡಿದುಕೊಂಡರು.

"ಮನೇಲಿ ಯಾರಿಗೂ ಗೊತ್ತಾಗೋದು ಬೇಡ ಮಗಳೇ."

ಮಗಳಂತೆ!

ರೋಗಿಯ ವಿಷಯ ಹೊರಗೆ ಆಡುವಂತಿಲ್ಲ, ಇಲ್ಲಿನ ಮೊದಲ ನಿಯಮ. ಅವರು ಬೇಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಕೈ ಬಿಡಿಸಿಕೊಂಡು ಉಳಿದ ಜೆಲ್ ಒರೆಸಿದೆ.

ಹೊರಗೆ ಅವನು. "ಅಮ್ಮಂಗೆ ಏನಂತೆ? ನೀನು ಸುಳ್ಳು ಹೇಳಲ್ಲ, ಅದಕ್ಕೇ ಕೇಳ್ತಿದೀನಿ."

"ಅವರನ್ನೇ ಕೇಳು."

"ಏನೂ ಇಲ್ವಂತೆ ಕಣೋ. ಗಟ್ಟಿಮುಟ್ಟಾಗಿದೀನಂತೆ," ಅಂದರು ಹಿಂದೆಯೇ ಬಂದ ತಾಯಿ, ಕಣ್ಣು ಮಿಟುಕಿಸದೆ.

ನಂಬಿದ. ನಿರಾಳನಾಗಿ ಅವರ ಚೀಲ ತಾನೇ ಎತ್ತಿಕೊಂಡು ಹೊರಟ. ನನಗೂ ಅಷ್ಟು ಸಲೀಸಾಗಿ ಸುಳ್ಳು ಹೇಳಲು ಬಂದಿದ್ದರೆ, ಇವತ್ತು ಆ ಚೀಲದ ಇನ್ನೊಂದು ಹಿಡಿ ನನ್ನ ಕೈಯಲ್ಲಿರುತ್ತಿತ್ತು.